ನೋಡಿಕೊಳ್ಳಬೇಡಿ ಎಂದು ಹೇಳಿ ಬಂದದ್ದು

ಆ ಗುರುವಾರ ಮಾಡಿದ ಕೆಲಸಗಳು ಇಷ್ಟು. ಹಿಂದಿನ ದಿನದ ಧೂಳುಗಾಳಿಗೆ ಕಿಟಕಿಯ ಸಂದಿಯಲ್ಲಿ ಕೂತಿದ್ದ ಮರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎ.ಸಿ.ಯ ಜಾಲರಿ ತೆಗೆದು ತೊಳೆದು ಬಾಲ್ಕನಿಯಲ್ಲಿ ಇಟ್ಟೆ. ನಾನು ಸೀರೆ ಉಟ್ಟು ಬರುವಷ್ಟರಲ್ಲಿ ಅದು ಒಣಗಿತ್ತು. ಗ್ಯಾಸ್ ಮುಗಿದಿದೆಯೆಂದು ಗಂಡನಿಗೆ ನೆನಪಿಸಿದೆ. ಕುವೈತಿನ ಜಾಬ್ರಿಯಾದ ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಮಧ್ಯಾಹ್ನದವರೆಗೆ ರಿಸೆಪ್ಷನ್ನಿನಲ್ಲಿ ಕೂತು, ಬಾಯಿ ಊದಿಸಿಕೊಂಡು ಬಂದವರ ಹೆಸರು ಕರೆದೆ. ಬರುವ ದಾರಿಯಲ್ಲಿ ಬಟ್ಟೆ ಸೋಪು ತಂದೆ. ಆಮೇಲೆ ಗಂಡನ ಜೊತೆ ಕಾರಿನಲ್ಲಿ ಹೋಗಿ, ಒಬ್ಬ ಒಳ್ಳೆಯ ಮನುಷ್ಯರಿಗೆ, ದಯವಿಟ್ಟು ಇನ್ನು ಮೇಲೆ ನನ್ನ ಮಗಳನ್ನು ನೋಡಿಕೊಳ್ಳಬೇಡಿ ಎಂದು ಹೇಳಿ ಬಂದೆ.

ಮಗಳು ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಬೆಳೆದದ್ದು ಇಲ್ಲಿ, ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ. ರಜೆಯಲ್ಲಿ ಯಾವುದಾದರೂ ಕಾರ್ಖಾನೆಯಲ್ಲಿ ತರಬೇತಿ ಮಾಡಬೇಕೆಂದು ಅವಳ ಕಾಲೇಜಿನವರು ಹೇಳಿದ್ದರು. ಬರೀ ಹೋಗಿ ಬಂದರೆ ಸಾಲದು. ಕೊನೆಯ ವಾರ ಮೇಷ್ಟ್ರು ವೀಡಿಯೊ ಕಾಲ್ ಮಾಡುತ್ತಾರೆ. ಇವಳು ಯಂತ್ರದ ಪಕ್ಕ ನಿಂತು, ಅದರಲ್ಲಿ ತಾನೇನು ಮಾಡಿದೆ ಎಂದು ವಿವರಿಸಬೇಕು. ಆಗದಿದ್ದರೆ ಆ ತರಬೇತಿ ಲೆಕ್ಕಕ್ಕಿಲ್ಲ, ಮುಂದಿನ ವರ್ಷ ಮತ್ತೆ ಮೊದಲಿನಿಂದ.

ರಜೆಗೆ ಹೇಗೂ ಕುವೈತಿಗೆ ಬರುತ್ತಾಳಲ್ಲ, ಇಲ್ಲೇ ಎಲ್ಲಾದರೂ ನೋಡೋಣ ಎಂದು ಗಂಡ ಒಬ್ಬರಿಗೆ ಫೋನ್ ಮಾಡಿದರು. ಅವರು ನೀರಿನ ಬಾಟಲಿ ಮಾಡುವ ಒಂದು ಕಾರ್ಖಾನೆಯ ಮ್ಯಾನೇಜರ್, ಉಡುಪಿ ಕಡೆಯವರು, ಊರಿನವರ ಕೂಟವೊಂದರಲ್ಲಿ ಪರಿಚಯವಾದವರು. ನಾವು ಮನೆಯಲ್ಲಿ ತುಳು, ಅವರು ಕೊಂಕಣಿ. ಹಾಗಾಗಿ ನಮ್ಮ ನಡುವಿನ ಮಾತೆಲ್ಲ ಕನ್ನಡದಲ್ಲಿ. ಗಂಡ ಎಲ್ಲ ಮಾತಾಡಿ, ಫೋನ್ ಇಡುವ ಮೊದಲು, ನಮ್ಮ ಕಡೆ ಯಾರಾದರೂ ಸೇರಿಸುವ ಮಾತನ್ನು ಸೇರಿಸಿದರು: "ನಿಮ್ಮದೇ ಮಗಳು ಅಂತ ತಿಳ್ಕೊಳ್ಳಿ, ಸ್ವಲ್ಪ ನೋಡ್ಕೊಳ್ಳಿ."

ಅದಕ್ಕೆ ನಾನೂ ನನ್ನ ಪಾಲು ಸೇರಿಸಿದೆ. ಉಪಕಾರ ಮಾಡಿದವರಿಗೆ ಬರಿಗೈಯಲ್ಲಿ ಥ್ಯಾಂಕ್ಸ್ ಹೇಳುವ ಅಭ್ಯಾಸ ನಮಗಿಲ್ಲ. ಮಗಳ ಕೈಯಲ್ಲಿ ಒಂದು ದಿನ ನೀರುದೋಸೆ, ಇನ್ನೊಂದು ದಿನ ಗೋಳಿಬಜೆ, ಮತ್ತೊಂದು ದಿನ ಪತ್ರೊಡೆ ಕಳಿಸಿದೆ. ಡಬ್ಬ ತೊಳೆದು ವಾಪಸು ಬರುತ್ತಿತ್ತು, ಅವರ ಹೆಂಡತಿ ಕಳಿಸಿದ ಸಿಹಿ ತುಂಬಿಕೊಂಡು.

ನನಗೆ ಆ ಕಾರ್ಖಾನೆಯ ಬಗ್ಗೆ ಬಹಳ ಕುತೂಹಲ. ಈ ಊರಿನಲ್ಲಿ ನೀರಿನ ಬಾಟಲಿ ಇಲ್ಲದ ಮನೆಯಿಲ್ಲ, ಕಾರಿಲ್ಲ. ಇಷ್ಟು ವರ್ಷ ಕುಡಿದು ಬಿಸಾಡಿದ್ದೇನೆಯೇ ಹೊರತು, ಇದು ಹೇಗೆ ಆಗುತ್ತದೆ ಎಂದು ಯೋಚಿಸಿರಲಿಲ್ಲ. ಮಗಳು ಹೋಗತೊಡಗಿದ ಮೇಲೆ ಕ್ಲಿನಿಕ್ಕಿನಲ್ಲೂ ಬಾಟಲಿ ತಿರುಗಿಸಿ ನೋಡುವ ಹುಚ್ಚು ಹತ್ತಿತು. ಪಕ್ಕಕ್ಕೆ ಸಣ್ಣ ಗೀರು ಯಾಕೆ? ಕುತ್ತಿಗೆ ಅಷ್ಟು ಗಟ್ಟಿ, ಹೊಟ್ಟೆ ಯಾಕೆ ಅಷ್ಟು ತೆಳು? ಅಡಿಯಲ್ಲಿ ನಟ್ಟನಡುವೆ ಒಂದು ಚುಕ್ಕೆ ಯಾಕೆ? ಸಂಜೆ ಅವಳು ಬಂದ ಕೂಡಲೇ ಕೇಳುತ್ತಿದ್ದೆ. ಮೊದಲು ಏನೋ ಹೇಳುತ್ತಿದ್ದಳು, ಆಮೇಲೆ ಗೂಗಲ್ ನೋಡಿ ಹೇಳುತ್ತೇನೆ ಎಂದಳು, ಕೊನೆಗೆ ಮುಖ ತಿರುಗಿಸಿದಳು.

ಎರಡು ವಾರ ಕಳೆದಿದ್ದವು. ಬುಧವಾರ ಸಂಜೆ ಮತ್ತೆ ಕೇಳಿದಾಗ ಶೂ ಬಿಚ್ಚುತ್ತಾ ಹೇಳಿದಳು: "ಐ ಡೋಂಟ್ ನೋ, ಅಮ್ಮ. ಅಲ್ಲಿ ಟೀ ಹೇಗೆ ಮಾಡ್ತಾರೆ ಕೇಳು, ದಟ್ ಐ ನೋ."

ಆಗ ಎಲ್ಲ ಹೊರಬಿತ್ತು. ಮ್ಯಾನೇಜರ್ ತಮ್ಮ ಕೋಣೆಯಲ್ಲೇ ಅವಳಿಗೊಂದು ಮೇಜು ಹಾಕಿಸಿದ್ದರು. ಹೊತ್ತು ಹೊತ್ತಿಗೆ ಟೀ, ಬಿಸ್ಕೆಟ್. ಯಂತ್ರಗಳ ಕಡೆ ಹೋದರೆ ಕೆಲಸದವರು "ಮೇಡಂ ಆಯಾ", ಮೇಡಂ ಬಂದರು, ಎಂದು ಹರಕು ಹಿಂದಿಯಲ್ಲಿ ಹೇಳಿ ಕೈ ಒರೆಸಿಕೊಂಡು, ಕುರ್ಚಿಯ ಧೂಳು ಕೊಡವಿ ಕೊಡುತ್ತಿದ್ದರು. ಏನಾದರೂ ಮುಟ್ಟಲು ಹೋದರೆ, ಬೇಡ ಮೇಡಂ, ಸಾಹೇಬರು ಬಯ್ಯುತ್ತಾರೆ ಎನ್ನುತ್ತಿದ್ದರು. ಮಧ್ಯಾಹ್ನವಾದ ಮೇಲೆ, ಸಾಕು ಮಗಾ, ಶೆಕೆ, ಮನೆಗೆ ಹೋಗು ಎಂದು ಕಂಪನಿಯ ಗಾಡಿಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದ ಮಾಲ್‌ಗೆ ಹೋಗಿ ಕೂತು ಸಂಜೆ ಮಾಡಿಕೊಂಡು ಬರುತ್ತಿದ್ದಳಂತೆ. ನನ್ನ ಡಬ್ಬ ಹೋದ ದಿನ ಮರ್ಯಾದೆ ಇನ್ನೂ ಒಂದು ಕೈ ಹೆಚ್ಚು.

"ಅವರು ಎಷ್ಟು ನೈಸ್ ಅಂದ್ರೆ, ಏನೂ ಹೇಳ್ಳಿಕ್ಕೆ ಆಗೂದಿಲ್ಲ" ಎಂದಳು. ಹೀಗೇ ಹೋದರೆ ಮೇಷ್ಟ್ರಿಗೆ ತೋರಿಸಲು ಅವಳ ಬಳಿ ಒಂದು ಮೇಜು ಮಾತ್ರ ಇರುತ್ತಿತ್ತು.

ನೀವೇ ಮಾತಾಡಿ ಎಂದು ಗಂಡನಿಗೆ ಹೇಳಿದೆ. ನೋಡಿಕೊಳ್ಳಿ ಎಂದ ಬಾಯಲ್ಲೇ ಬೇಡ ಎನ್ನುವುದು ಹೇಗೆ, ನೀನು ಹೆಂಗಸು, ನಯವಾಗಿ ಹೇಳುತ್ತೀ ಎಂದರು. ಕಾರು ಓಡಿಸುವುದು ಮಾತ್ರ ಅವರ ಕೆಲಸವಾಯಿತು. ಮರುದಿನ, ಗಾಡಿ ಬೇಡ, ಅಪ್ಪ ಬರುತ್ತಾರೆ ಎಂದು ಹೇಳಿ ಕಾಯುತ್ತಿರಲು ಮಗಳಿಗೆ ಮೆಸೇಜು ಕಳಿಸಿದೆ.

ಮ್ಯಾನೇಜರ್ ನಮ್ಮನ್ನು ನೋಡಿ ಖುಷಿಪಟ್ಟದ್ದು ನೋಡಿದರೆ ನನಗೆ ಬಂದ ಕೆಲಸವೇ ಮರೆಯಬೇಕು. ಐವತ್ತು ದಾಟಿದ, ದುಂಡು ಮುಖದ ಮನುಷ್ಯ. ಜ್ಯೂಸ್ ಬಂತು, ಸಮೋಸ ಬಂತು. ಮಗಳು ತನ್ನ ಮೇಜಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ನಾನು ಮಾತು ಹೇಗೆ ಶುರು ಮಾಡುವುದೆಂದು ತಿಳಿಯದೆ, ಬಾಟಲಿ ಮಾಡುವುದನ್ನು ಒಮ್ಮೆ ನೋಡಬಹುದೇ ಎಂದು ಕೇಳಿದೆ. ಅದು ನೆಪವೂ ಹೌದು, ನಿಜವಾದ ಆಸೆಯೂ ಹೌದು.

ಅವರ ಕೋಣೆಯ ಒಂದು ಗೋಡೆಯೇ ಗಾಜು, ಅದರ ಈಚೆಯಿಂದ ತೋರಿಸಿದರು. ಬಾಟಲಿ ಮೊದಲು ಬಾಟಲಿಯಾಗಿರುವುದೇ ಇಲ್ಲ. ಶಾಲೆಯ ಪ್ರಯೋಗಶಾಲೆಯ ಪ್ರನಾಳದಂಥ ಒಂದು ದಪ್ಪ ಪ್ಲಾಸ್ಟಿಕ್ ತುಂಡು, ಕುತ್ತಿಗೆಯ ತಿರುಪು ಮಾತ್ರ ಮೊದಲೇ ಸಿದ್ಧ. ಅವು ಸಾಲಾಗಿ ಕೆಂಪು ದೀಪಗಳ ಮುಂದೆ ತಮ್ಮಷ್ಟಕ್ಕೆ ತಿರುಗುತ್ತಾ ಬಿಸಿಯಾಗುತ್ತವೆ. ಆಮೇಲೆ ಅಚ್ಚಿನ ಬಾಗಿಲು ಮುಚ್ಚುತ್ತದೆ, ಒಳಗೆ ಒಂದು ಸರಳು ಇಳಿದು ತುಂಡನ್ನು ಕೆಳಕ್ಕೆ ಎಳೆಯುತ್ತದೆ, ಗಾಳಿ ನುಗ್ಗಿ ಊದುತ್ತದೆ. ಬಾಗಿಲು ತೆರೆದಾಗ ಬಾಟಲಿ. ನಾನು ಕಣ್ಣು ಮಿಟುಕಿಸಿದಾಗಲೆಲ್ಲ ಒಂದು ತಪ್ಪಿಹೋಗುತ್ತಿತ್ತು. ಗಂಡ ಎರಡು ಸಲ "ಹೋಗುವಾ?" ಎಂದರೂ ನಾನು ಅಲ್ಲಾಡಲಿಲ್ಲ.

ಹಾಗೆ ನೋಡುತ್ತಲೇ, ಅಡಿಯಲ್ಲಿ ಆ ಚುಕ್ಕೆ ಯಾಕೆ ಎಂದು ಕೇಳಿದೆ. ಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂತು. ಮ್ಯಾನೇಜರ್ ಹೆಮ್ಮೆಯಿಂದ ಮಗಳ ಕಡೆ ತಿರುಗಿ, "ಹೇಳು ಮಗಾ, ಅಮ್ಮನಿಗೆ ಹೇಳು" ಎಂದರು.

ಮಗಳು ಗಾಜನ್ನೇ ನೋಡುತ್ತಾ ನಿಂತಳು. ಕಿವಿ ಕೆಂಪಾಯಿತು. ಅವರ ನಗು ಮೆಲ್ಲಗೆ ಇಳಿಯಿತು.

"ಇದಕ್ಕೇ ನಾನು ಬಂದದ್ದು" ಎಂದೆ. "ನೀವು ಇನ್ನು ಇವಳನ್ನು ನೋಡಿಕೊಳ್ಳುವುದು ಬೇಡ."

"ಎಂತ ಅಕ್ಕ, ನನ್ನಿಂದ ಎಂತಾದ್ರೂ ತಪ್ಪಾಯ್ತಾ?"

ತಪ್ಪಲ್ಲ, ಒಳ್ಳೆಯತನ ಹೆಚ್ಚಾಯಿತು ಎಂದು ಹೇಳಿ, ಮೇಷ್ಟ್ರ ಕಾಲ್ ವಿಷಯ, ಮುಂದಿನ ವರ್ಷದ ವಿಷಯ ಎಲ್ಲ ವಿವರಿಸಿದೆ. ಅವರು ಕಾಲೇಜಿನ ಕಾಗದಕ್ಕೆ ಒಂದು ಸಹಿ ಹಾಕಿದರೆ ಮುಗಿಯಿತೆಂದು ತಿಳಿದಿದ್ದರಂತೆ. ಆಮೇಲೆ ಅವರ ದನಿ ತಗ್ಗಿತು.

"ಅಲ್ಲಿ ಎಲ್ಲ ಬಿಸಿ ಅಕ್ಕ. ನಾಳೆ ಇವಳ ಕೈ ಸುಟ್ಟರೆ ನಿಮಗೆ ಎಂತ ಮುಖ ತೋರಿಸುವುದು ನಾನು?"

ಕೆಂಪು ದೀಪಗಳನ್ನು ನೋಡುವಾಗ ನನಗೂ ಅದೇ ಹೆದರಿಕೆ ಬಂದುಹೋಗಿತ್ತು. ಆದರೂ, ಹೊಸದಾಗಿ ಸೇರುವ ಬೇರೆಯವರಿಗೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಮೊದಲು ಕಲಿಸ್ತೇನೆ. ಕೇಳದಿದ್ರೆ ಬಯ್ತೇನೆ."

"ಹಾಗಾದರೆ ಇವಳಿಗೂ ಬಯ್ಯಿರಿ."

ಅವರು ನನ್ನ ಗಂಡನ ಮುಖ ನೋಡಿದರು. ಗಂಡ ಸಮೋಸದ ತಟ್ಟೆ ನೋಡಿಕೊಂಡೇ ತಲೆಯಾಡಿಸಿದರು. ಡಬ್ಬವನ್ನೂ ಇನ್ನು ಕಳಿಸುವುದಿಲ್ಲ ಎಂದೆ. "ಅದು ಮಾತ್ರ ಸ್ವಲ್ಪ ಅನ್ಯಾಯ ಅಕ್ಕ" ಎಂದು ಮತ್ತೆ ನಕ್ಕರು. ನಕ್ಕದ್ದು ಮುಗಿದ ಮೇಲೆ ಮಗಳ ಕಡೆ ತಿರುಗಿದಾಗ ಬೇರೆಯೇ ಮನುಷ್ಯನಾಗಿದ್ದರು.

"ಕೂದಲು ಎಂತ ಇದು? ಮೆಷಿನ್ ಹತ್ರ ಹೀಗೆ ಬಿಟ್ಕೊಂಡು ಬರೂದಾ? ಕಟ್ಟು. ಸ್ಟೋರಿಗೆ ಹೋಗಿ ಶೂ, ಕನ್ನಡಕ ತಕ್ಕೊಂಡು ಬಾ. ಯಲ್ಲಾ, ಬೇಗ."

"ಸಾರಿ, ಸರ್" ಎಂದಳು. ಅಷ್ಟು ದಿನ ಅಂಕಲ್ ಎನ್ನುತ್ತಿದ್ದಳು.

ಶಿಫ್ಟು ಮುಗಿಯುವವರೆಗೆ ನಾವಿಬ್ಬರೂ ಅವರ ಕೋಣೆಯಲ್ಲಿ ಕಾದೆವು. ನಾನು ಆಗಾಗ ಎದ್ದು ಗಾಜಿನ ಬಳಿ ಹೋಗುತ್ತಿದ್ದೆ. ಒಂದು ಸಲ ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಇನ್ನೊಂದು ಸಲ, ಒಬ್ಬಾತ ಕಾದ ತಂತಿಯಲ್ಲಿ ಬಾಟಲಿಯನ್ನು ಕುತ್ತಿಗೆ, ಹೊಟ್ಟೆ, ಅಡಿ ಎಂದು ತುಂಡು ಮಾಡಿ ಕೊಡುತ್ತಿದ್ದ. ಇವಳು ಒಂದೊಂದನ್ನೇ ತೂಗುತ್ತಿದ್ದಳು. ಮತ್ತೊಂದು ಸಲ ಮ್ಯಾನೇಜರ್ ಕೈ ಬೀಸಿ ಏನೋ ಬಯ್ಯುತ್ತಿದ್ದರು. ಏನೆಂದು ಕೇಳಿಸಲಿಲ್ಲ. ಬಂದು ಕೂತುಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ ಅವಳದ್ದೇ ಮಾತು, ಮುಕ್ಕಾಲು ಪಾಲು ಇಂಗ್ಲಿಷ್. ಪ್ಲಾಸ್ಟಿಕ್ ಕರಗಿಸಿ ಆ ದಪ್ಪ ತುಂಡನ್ನು ಎರಕ ಹೊಯ್ಯುವಾಗ ಕರಗಿದ್ದು ಅಚ್ಚಿನೊಳಗೆ ಬರುವ ತೂತಿನ ಗುರುತೇ ಆ ಚುಕ್ಕೆಯಂತೆ. ಅದು ನಡುವಿನಿಂದ ಸರಿದಿದ್ದರೆ ಬಾಟಲಿಯ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಪ್ಲಾಸ್ಟಿಕ್ ಸಾಕಷ್ಟು ಬಿಸಿಯಾಗದೆ ಎಳೆದರೆ ಮುತ್ತಿನ ಹಾಗೆ ಬೆಳ್ಳಗಾಗುತ್ತದಂತೆ. ಹಾಗಾದರೆ ಆ ಬಿಳಿ ಬಾಟಲಿಗಳನ್ನು ಏನು ಮಾಡುತ್ತಾರೆ ಎಂದೆ. ನಾಳೆ ಶುಕ್ರವಾರ ರಜೆ, ಶನಿವಾರ ಕೇಳಿ ಬರುತ್ತೇನೆ ಎಂದಳು. ಎಷ್ಟು ಸಲ ಬಯ್ದರು ಎಂದು ಅವಳಪ್ಪ ಕೇಳಿದರೆ, "ಐ ಲಾಸ್ಟ್ ಕೌಂಟ್" ಎಂದು ಕಿಟಕಿಯ ಹೊರಗೆ ನೋಡುತ್ತಾ ನಕ್ಕಳು.

ಗ್ಯಾಸ್ ತರಿಸುವುದು ಮರೆತೇ ಹೋಗಿತ್ತು. ಬೇಕರಿಯಿಂದ ಬಿಸಿ ಖುಬ್ಬೂಸ್ ರೊಟ್ಟಿ, ಪಕ್ಕದ ಅಂಗಡಿಯಿಂದ ಕಡಲೆ ವಡೆಯಂಥ ಫಲಾಫೆಲ್, ಚಟ್ನಿಯಂಥ ಹಮ್ಮುಸ್ ತಂದು, ಮಾವಿನ ಉಪ್ಪಿನಕಾಯಿ ಇಟ್ಟುಕೊಂಡು ತಿಂದೆವು. ಮಗಳು ನಾಲ್ಕು ಖುಬ್ಬೂಸ್ ತಿಂದು, ಐದನೆಯದನ್ನು ಅರ್ಧ ಮಾಡಿ ಅವಳಪ್ಪನ ತಟ್ಟೆಗೆ ಹಾಕಿದಳು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಸೋಫಾದ ಮೇಲೆ ನಿದ್ದೆ ಹೋಗಿದ್ದಳು, ಕೂದಲು ಕಟ್ಟಿಕೊಂಡೇ. ಅವಳ ಎರಡೂ ಕೈಗಳನ್ನು ಮೆಲ್ಲಗೆ ತಿರುಗಿಸಿ ನೋಡಿದೆ. ಎಲ್ಲೂ ಸುಟ್ಟಿರಲಿಲ್ಲ.