ಎಣಿಸದ ರೊಟ್ಟಿಯ ಖಾನಾವಳಿ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವವರು ಹೆಚ್ಚು, ಇಳಿದು ಉಳಿಯುವವರು ಕಡಿಮೆ. ಹಾಗೆ ಉಳಿದವರಲ್ಲಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರೆಲ್ಲ ಶರಣಬಸಮ್ಮನ ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಬಾಡಿಗೆಯ ಮನೆ, ಶಹಾಬಾದ ಕಲ್ಲು ಹಾಸಿದ ಎರಡು ಖೋಲಿ, ಹಿಂದೊಂದು ಅಡುಗೆಮನೆ. ಬೋರ್ಡು ಇರಲಿಲ್ಲ, ತೊಗರಿಬೇಳೆಯ ಒಗ್ಗರಣೆಯೇ ಬೋರ್ಡು. ತಿಂಗಳಿಗೆ ನಲವತ್ತು ರೂಪಾಯಿ ಕೊಟ್ಟರೆ ಎರಡು ಹೊತ್ತಿನ ಊಟ. ಅನ್ನ, ಬೇಳೆ, ಪಲ್ಯಕ್ಕೆ ಅಳತೆ ಇತ್ತು. ರೊಟ್ಟಿಗೆ ಇರಲಿಲ್ಲ. ಬಡಿಸುವ ಭೀಮಬಾಯಿ ಬುಟ್ಟಿ ಹಿಡಿದು ನಿಂತಿರುತ್ತಿದ್ದಳು, ಉಣ್ಣುವವನು ತಾಟಿನ ಮೇಲೆ ಕೈ ಅಡ್ಡ ಹಿಡಿಯುವವರೆಗೂ ಹಾಕುತ್ತಿದ್ದಳು.

"ಉಣ್ಣೋರ ಕೈ ನೋಡಬೇಕು, ತಾಟು ನೋಡಬಾರದು" ಎಂದು ಶರಣಬಸಮ್ಮ ಅವಳಿಗೆ ಮೊದಲ ದಿನವೇ ಹೇಳಿದ್ದಳು.

ರೈಲ್ವೆಯ ಫಿಟ್ಟರ್ ಅಬ್ದುಲ್ ಕರೀಮನ ಕೈ ಮಾತ್ರ ಬೇಗ ಅಡ್ಡ ಬರುತ್ತಿರಲಿಲ್ಲ. ಏಳು ರೊಟ್ಟಿ ತಿನ್ನದೆ ಅವನು ಏಳುವವನಲ್ಲ.

೧೯೭೧ರ ಬೇಸಿಗೆಯಲ್ಲಿ ಮನೆಯ ಯಜಮಾನ ಬಂದು, ಮನೆ ಮಾರುತ್ತೇನೆ, ಆರು ಸಾವಿರ, ಮೊದಲು ನಿನ್ನನ್ನೇ ಕೇಳುತ್ತಿದ್ದೇನೆ, ಒಂದು ತಿಂಗಳು ತಡೆಯುತ್ತೇನೆ, ಆಮೇಲೆ ಮಿಠಾಯಿ ಅಂಗಡಿಯವನಿಗೆ ಕೊಡುತ್ತೇನೆ ಎಂದ. ಶರಣಬಸಮ್ಮನ ಹತ್ತಿರ ಆರು ನೂರೂ ಇರಲಿಲ್ಲ. ಸ್ಟೇಷನ್ನಿನಿಂದ ಇಷ್ಟು ಹತ್ತಿರ ಇನ್ನೊಂದು ಮನೆಯೂ ಇರಲಿಲ್ಲ. ಮನೆ ಹೋದರೆ ಖಾನಾವಳಿ ಹೋಯಿತು.

ದಾರಿ ಎರಡೇ ಇದ್ದವು. ಒಂದು, ಬ್ಯಾಂಕು. ಮೈಸೂರು ಕಡೆಯ ಮ್ಯಾನೇಜರು ತಾನೇ ಬಂದು ಊಟ ಮಾಡಿ, ಬೆವರೊರೆಸಿಕೊಂಡು ಹೇಳಿದ್ದ: "ಮನೆಯನ್ನೇ ಅಡಮಾನ ಇಡಿ ತಾಯಿ. ಐದು ವರ್ಷ, ತಿಂಗಳಿಗೆ ನೂರ ಮೂವತ್ತೈದು ರೂಪಾಯಿ ಕಂತು. ತೀರಿದ ಮೇಲೆ ನಮಗೂ ನಿಮಗೂ ಋಣವಿಲ್ಲ."

ತಿಂಗಳಿಗೆ ಖರ್ಚೆಲ್ಲ ಕಳೆದು ಮುನ್ನೂರು ಉಳಿಯುತ್ತಿತ್ತು. ಕಂತು ಕಟ್ಟಬಹುದಿತ್ತು. ಆದರೆ ಶರಣಬಸಮ್ಮನಿಗೆ ಸಾಲದ ಕಾಗದ ಎಂದರೆ ಕಣ್ಣ ಮುಂದೆ ಒಂದೇ ಚಿತ್ರ. ಗಂಡನ ಕಾಲದಲ್ಲಿ, ಚಹಾ ಅಂಗಡಿಗೆ ಮಾಡಿದ ಸಾಲಕ್ಕೆ ಕೋರ್ಟಿನ ಅಮೀನ ಜಪ್ತಿಗೆ ಬಂದಿದ್ದ. ಪಾತ್ರೆಗಳನ್ನು ಒಂದೊಂದಾಗಿ ಓಣಿಗೆ ತಂದಿಟ್ಟು ಜೋರಾಗಿ ಹೆಸರು ಹಿಡಿದು ಬರೆಸಿದ್ದ. ಬೇಳೆಯ ಪಾತ್ರೆ ಇನ್ನೂ ಬಿಸಿಯಿತ್ತು; ಅಮೀನ ಬೇಳೆಯನ್ನು ಗಟಾರಿಗೆ ಸುರಿದು ಪಾತ್ರೆ ಒಯ್ದ. ಆ ವರ್ಷವೇ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಇನ್ನು ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಅವಳು ಅಂದೇ ಆಣೆ ಮಾಡಿಕೊಂಡಿದ್ದಳು.

ಎರಡನೆಯ ದಾರಿ ಗಂಡನ ಚಿಕ್ಕಪ್ಪನ ಮಗ ನಾಗೇಂದ್ರಪ್ಪ. ಚಿತ್ತಾಪುರದಲ್ಲಿ ಕಟ್ಟಿಗೆ ಅಡ್ಡೆ ಇಟ್ಟುಕೊಂಡಿದ್ದ. ಮಾತು ಬೆಣ್ಣೆಯಂಥದು, ಅತ್ತಿಗೆಯನ್ನು ಬಾಯಿತುಂಬ ವೈನಿ ಎನ್ನುತ್ತಿದ್ದ.

"ಸಾಲ ಯಾಕ ಮಾಡ್ತೀರಿ ವೈನಿ? ಆರು ಸಾವಿರ ನಾ ಹಾಕ್ತೀನಿ. ಬಡ್ಡಿ ಇಲ್ಲ, ಕಂತಿಲ್ಲ. ಅರ್ಧ ನಿಮ್ದು, ಅರ್ಧ ನಂದು. ಲಾಭ ಬಂದ್ರ ಹಂಚ್ಕೊಳ್ಳೂಣು, ಲುಕ್ಸಾನಾದ್ರ ಅದ್ರಾಗೂ ಅರ್ಧ ನಂದೇ. ಬ್ಯಾಂಕಿನವ ಲುಕ್ಸಾನದಾಗ ಪಾಲಿಗೆ ಬರ್ತಾನೇನ್ರಿ?"

ಅದು ಸುಳ್ಳಲ್ಲ. ಶರಣಬಸಮ್ಮ ಕರೀಮನನ್ನು ಕೇಳಿದಳು. ಅವನು ಐದನೆಯ ರೊಟ್ಟಿ ಮುರಿಯುತ್ತಿದ್ದ.

"ಅಕ್ಕಾ, ಸಾಲ ಅಂದ್ರ ಟಿಕೀಟ್ ತಗೊಂಡ ಪ್ಯಾಸೆಂಜರ್. ಗದ್ದಲ ಮಾಡ್ತಾನ, ಖರೇ. ಆದ್ರ ತನ್ನ ಸ್ಟೇಷನ್ ಬಂತಂದ್ರ ಇಳ್ದು ಹೋಗ್ತಾನ. ಪಾಲುದಾರ ಇಂಜಿನ್ನಿಗೆ ಹತ್ತತಾನ. ಅವ ಇಳ್ಯಂಗಿಲ್ಲ."

"ನೀ ಸರಕಾರಿ ನೌಕರ, ನಿನಗೇನ್ ಗೊತ್ತೋ ಜಪ್ತಿ?" ಎಂದಳು ಶರಣಬಸಮ್ಮ.

ಕರೀಮ ಆರನೆಯದಕ್ಕೆ ಕೈ ಚಾಚಿದ.

ಚಿತ್ತಾಪುರದಲ್ಲಿ ಕಾಗದವಾಯಿತು. ಓದಿಸಿ ಕೇಳಿದಳು. ಮನೆಯೂ ಧಂದೆಯೂ ಅರ್ಧರ್ಧ. ಏನು ಬದಲಿಸಬೇಕಾದರೂ ಇಬ್ಬರೂ ಒಪ್ಪಬೇಕು. ಒಬ್ಬರು ಬೇರೆಯಾಗಬೇಕೆಂದರೆ ಇನ್ನೊಬ್ಬರು ಆ ದಿನದ ಬೆಲೆಗೆ ಅವರ ಅರ್ಧ ಕೊಳ್ಳಬೇಕು. ಕೊಳ್ಳಲಾಗದಿದ್ದರೆ ತಮ್ಮ ಅರ್ಧವನ್ನೇ ಅವರಿಗೆ ಮಾರಬೇಕು. ನ್ಯಾಯವಾಗಿಯೇ ಕೇಳಿಸಿತು. ಸಹಿಯಾದ ಮೇಲೆ ನಾಗೇಂದ್ರಪ್ಪ ಸಿಹಿ ಹಂಚಿದ. ಅವನು ಹಾಕಿದ್ದು ಬಂಡವಾಳ. ಅವನ ಬಂಡವಾಳ ಬಯಲಾಗಲು ಇನ್ನೂ ಮೂರು ವರ್ಷ ಹಿಡಿಯಿತು.

ಮೂರು ವರ್ಷ ಅವನು ತಿಂಗಳಿಗೊಮ್ಮೆ ಬಂದು ಲಾಭದ ಅರ್ಧ ಒಯ್ಯುತ್ತಿದ್ದ. ಅದು ಬ್ಯಾಂಕಿನ ಕಂತಿಗಿಂತ ಹದಿನೈದು ರೂಪಾಯಿ ಹೆಚ್ಚೇ ಆಗುತ್ತಿತ್ತು. ಅಮೀನ ಬರುವುದಿಲ್ಲವಲ್ಲ ಎಂದು ಅವಳು ಸಮಾಧಾನ ಪಟ್ಟುಕೊಳ್ಳುತ್ತಿದ್ದಳು. ನಾಲ್ಕನೆಯ ವರ್ಷ ಜೋಳದ ದರ ಏರಿತು. ನಾಗೇಂದ್ರಪ್ಪ ಕಟ್ಟಿಗೆ ಅಡ್ಡೆ ಮಾರಿ ವಾಡಿಗೇ ಬಂದು, ಬಾಗಿಲ ಬಳಿ ಗಲ್ಲಾಪೆಟ್ಟಿಗೆ ಇಟ್ಟುಕೊಂಡು ಕುಳಿತ. ಎಂಟು ದಿನ ಬರೀ ನೋಡಿದ. ಒಂಬತ್ತನೆಯ ದಿನ ಹೇಳಿದ:

"ಇನ್ನ ಮ್ಯಾಲ ನಾಕೇ ರೊಟ್ಟಿ. ಐದನೇದಕ್ಕ ಹದಿನೈದು ಪೈಸಾ."

"ಉಣ್ಣೋ ಮನುಷ್ಯಾನ ರೊಟ್ಟಿ ಎಣಿಸ್ತಾರೇನೋ ನಾಗೇಂದ್ರಪ್ಪಾ? ನಾ ಒಪ್ಪಂಗಿಲ್ಲ."

"ಹಂಗಾರ ಜೋಳ ತರ್ಲಿಕ್ಕ ನಾನೂ ಒಪ್ಪಂಗಿಲ್ಲ. ಇಬ್ಬರೂ ಒಪ್ಪಬೇಕಂತ ಕಾಗದದಾಗ ಅದ."

"ಆತು. ಹೆಚ್ಚಿನ ರೊಟ್ಟಿ ನನ್ನ ಅರ್ಧದಾಗಿಂದ ಕೊಡ್ತೀನಿ. ನಿನ್ನ ಅರ್ಧ ನೀ ಎಣಿಸ್ಕೋ."

ನಾಗೇಂದ್ರಪ್ಪ ಒಳಗೆ ಬಂದು, ಅವಳು ನಾದುತ್ತಿದ್ದ ಹಿಟ್ಟಿನ ಮುದ್ದೆಯನ್ನು ಬೆರಳಿನಿಂದ ಚುಚ್ಚಿದ. "ಕಲಸಿಟ್ಟೀರಲ್ರಿ ವೈನಿ. ತೋರಿಸ್ರಿ, ಇದ್ರಾಗ ನಿಮ್ಮ ಅರ್ಧ ಯಾವ ಕಡೀದು?"

ಬೆರಳಿನ ಗುಂಡಿ ತಾನಾಗಿಯೇ ಮುಚ್ಚಲಿಲ್ಲ.

ಭೀಮಬಾಯಿ ಎಣಿಸಲು ಕಲಿತಳು. ಕಲಿಯದೆ ಬೇರೆ ದಾರಿ ಇರಲಿಲ್ಲ. ಹಳಬರು ಕೆಲವರು ಬಿಟ್ಟರು. ಆದರೆ ಸುತ್ತ ಸಿಮೆಂಟಿನ ಕೆಲಸ ಹೆಚ್ಚುತ್ತಿತ್ತು. ಬಿಟ್ಟವರ ಎರಡರಷ್ಟು ಹೊಸಬರು ಬಂದರು. ಖಾನಾವಳಿ ಸೊರಗಿದ್ದರೆ ಶರಣಬಸಮ್ಮನಿಗೆ ಒಂದು ಮಾತಾದರೂ ಉಳಿಯುತ್ತಿತ್ತು. ಅದು ಬೆಳೆಯಿತು. ನಾಗೇಂದ್ರಪ್ಪನ ಲೆಕ್ಕವೇ ಸರಿ ಎಂದಾಯಿತು.

೧೯೭೯ರಲ್ಲಿ ಅವನು ಕಾಗದ ತೆಗೆದ. "ನಾ ಬ್ಯಾರೆ ಆಗ್ತೀನ್ರಿ. ಇವತ್ತಿನ ಬೆಲಿ ಮೂವತ್ತು ಸಾವಿರ. ನನ್ನ ಅರ್ಧ ಹದಿನೈದು. ಕೊಡ್ರಿ, ಇಲ್ಲಾಂದ್ರ ನಿಮ್ಮ ಅರ್ಧ ನನಗ ಕೊಡ್ರಿ."

ಆಗ ಶರಣಬಸಮ್ಮ ಆಣೆ ಮುರಿದು ಬ್ಯಾಂಕಿಗೆ ಹೋದಳು. ಹಳೆಯ ಮ್ಯಾನೇಜರು ವರ್ಗವಾಗಿದ್ದ. ಹೊಸಬ ಕಾಗದ ನೋಡಿ, ಮನೆಯ ಮೇಲೆ ಸಾಲ ಬೇಕಾದರೆ ಇನ್ನೊಬ್ಬರ ಸಹಿಯೂ ಬೇಕಾಗುತ್ತದೆ ಎಂದ. ಎಂಟು ವರ್ಷದ ಹಿಂದೆ ಊಟಕ್ಕೆ ಬಂದು ಕುಳಿತಿದ್ದ ಸಾಲ ಈಗ ಬೇಡಿದರೂ ಬರಲಿಲ್ಲ. ನಾಗೇಂದ್ರಪ್ಪ ಸಹಿ ಹಾಕಲಿಲ್ಲ. ಯಾಕೆ ಹಾಕುತ್ತಾನೆ?

ಅವಳ ಅರ್ಧವನ್ನು ಅವನೇ ಕೊಂಡ. ಹಣ ಯಾವಾಗ ಕೊಡಬೇಕು ಎಂಬುದನ್ನು ಮಾತ್ರ ಕಾಗದ ಹೇಳಿರಲಿಲ್ಲ. ಕಂತಿನಲ್ಲಿ ಕೊಡುತ್ತೇನೆ ಎಂದ, ಬಡ್ಡಿ ಇಲ್ಲದೆ. ಜನ್ಮವಿಡೀ ಸಾಲಕ್ಕೆ ಅಂಜಿದವಳು ಹೀಗೆ ಸಾಲ ಕೊಟ್ಟವಳಾದಳು. ಅಡುಗೆಯನ್ನೂ ಅವಳೇ ಮಾಡಬೇಕು, ಹಿಂದಿನ ಖೋಲಿಯಲ್ಲಿ ಇರಬಹುದು. ತಿಂಗಳ ಕೊನೆಗೆ ಅವನು ಕೊಡುತ್ತಿದ್ದ ನೂರೈವತ್ತು ಪಗಾರವೋ ಕಂತೋ ಎಂದು ಒಮ್ಮೆ ಕೇಳಿದಳು. "ಎರಡೂ ಅಂತ ತಿಳ್ಕೋ, ಶರಣಬಸಮ್ಮ" ಎಂದ. ವೈನಿ ಎಂಬ ಮಾತು ಮಾರಾಟದ ದಿನವೇ ಹೋಗಿತ್ತು. ಓಣಿಯಲ್ಲಿ ಯಾರೂ ಪಾತ್ರೆಗಳನ್ನು ಹೊರಗೆ ತಂದಿಡಲಿಲ್ಲ. ಎಲ್ಲವೂ ಇದ್ದಲ್ಲೇ ಇದ್ದವು.

ಮರುವರ್ಷ ಮಧ್ಯಾಹ್ನವೊಂದರಲ್ಲಿ ಅಬ್ದುಲ್ ಕರೀಮ ಬಂದ. ಸೊಲ್ಲಾಪುರಕ್ಕೆ ವರ್ಗವಾಗಿ ಹೋದವನು, ಪಿಂಚಣಿಯ ಕೆಲಸಕ್ಕೆ ವಾಡಿಗೆ ಬಂದಿದ್ದ. ಶರಣಬಸಮ್ಮ ಹಂಚು ಬಿಟ್ಟು ಬಂದು ತಾನೇ ಬಡಿಸಿದಳು. ಒಂದು, ಎರಡು, ಮೂರು. ನಾಲ್ಕನೆಯದು ಹಾಕುವಾಗ ಗಲ್ಲಾಪೆಟ್ಟಿಗೆಯ ಕಡೆಯಿಂದ ಕೆಮ್ಮು ಕೇಳಿಸಿತು. ಐದನೆಯದನ್ನು ಅವಳು ಕೈಯಲ್ಲಿ ಹಿಡಿದಿದ್ದಳು. ಹಾಕಬೇಕೆಂದೇ ಹಿಡಿದಿದ್ದಳು.

ಕರೀಮ ತಾಟಿನ ಮೇಲೆ ಕೈ ಅಡ್ಡ ಹಿಡಿದ.

"ಸಾಕಕ್ಕಾ. ವಯಸ್ಸಾತು, ಹೊಟ್ಟಿ ಸಣ್ಣದಾಗ್ಯಾದ."

ನಾಲ್ಕಕ್ಕೇ ಎದ್ದ. ಅವಳು ಆ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಒಳಗೆ ಹೋದಳು. ಅಡುಗೆಮನೆಯ ಕಿಟಕಿಯಿಂದ ಓಣಿ ಕಾಣುತ್ತಿತ್ತು. ತಿರುವಿನ ಭಜಿ ಬಂಡಿಯ ಹತ್ತಿರ ಕರೀಮ ಖಾನಾವಳಿಗೆ ಬೆನ್ನು ಮಾಡಿ ನಿಂತು, ಕಾಗದದ ಪೊಟ್ಟಣದಿಂದ ಭಜಿ ತಿನ್ನುತ್ತಿದ್ದ. ಅವಸರ ಅವಸರವಾಗಿ ತಿನ್ನುತ್ತಿದ್ದ, ಹಸಿದವನ ಹಾಗೆ.

"ನಾಕು ಮಂದಿ ಕುಂತಾರ!" ಎಂದು ಹೊರಗಿನಿಂದ ನಾಗೇಂದ್ರಪ್ಪ ಕೂಗಿದ.

ಶರಣಬಸಮ್ಮ ಕಿಟಕಿ ಬಿಟ್ಟು ಬಂದು ಕುಳಿತು, ಹಿಟ್ಟು ಮುರಿದು ಹದಿನಾರು ಉಂಡೆ ಮಾಡಿದಳು.