ನಗರಸಭೆ ಹೋಯಿತು, ಮೆಂಬರ್ ಉಳಿದರು

ನಾನು ಮದುವೆಯಾಗಿ ಬಂದಾಗ ಬಿಳೇಕಹಳ್ಳಿ ಬೆಂಗಳೂರಿಗೆ ಸೇರಿರಲಿಲ್ಲ. ನಮ್ಮದು ಬೇರೆ ನಗರಸಭೆ. ಜಯನಗರದ ನನ್ನ ತವರಿನವರು ಮಗಳನ್ನು ಹಳ್ಳಿಗೆ ಕೊಟ್ಟೆವೆಂದು ಮರುಗುತ್ತಿದ್ದರು. ಅವರಿಗೆ ನಲ್ಲಿ ನೀರು, ನಮಗೆ ಟ್ಯಾಂಕರ್. ಆದರೆ ನಮ್ಮ ವಾರ್ಡಿನ ಮೆಂಬರ್ ನಮ್ಮ ಬೀದಿಯಲ್ಲೇ ಇದ್ದರು. ದೀಪ ಕೆಟ್ಟರೆ ನಮ್ಮತ್ತೆ ಅವರನ್ನು ಹಾಲಿನ ಬೂತಿನಲ್ಲಿ ಹಿಡಿಯುತ್ತಿದ್ದರು. "ಏನ್ ಮೆಂಬರ್ರೇ, ನಿಮ್ಮನೆ ಮುಂದೆ ಮಾತ್ರ ಹುಣ್ಣಿಮೆನಾ?" ಸಂಜೆಯೊಳಗೆ ಬಲ್ಬು ಬರುತ್ತಿತ್ತು.

ನಗರಸಭೆಯನ್ನು ಬೆಂಗಳೂರಿಗೆ ಸೇರಿಸಿದಾಗ ಬೀದಿಯವರು ಮೈಸೂರುಪಾಕು ಹಂಚಿದರು. ಕುರ್ಚಿ ಕಳೆದುಕೊಂಡ ಮೆಂಬರ್ ಮಾತ್ರ ಶುಗರ್ ಇದೆಯೆಂದು ಮುಟ್ಟಲಿಲ್ಲ. ನಾವು ಮಹಾನಗರದವರಾದೆವು. ಸೈಟಿನ ಬೆಲೆ ಏರಿತು, ಚರಂಡಿ ಇದ್ದ ಹಾಗೇ ಇತ್ತು.

ಮೊನ್ನೆ ಗೇಟಿನ ಮುಂದೆ ಚರಂಡಿಯ ಚಪ್ಪಡಿ ಮುರಿಯಿತು. ಓದಿದ ಸೊಸೆಯಾದ ನಾನು ಪಾಲಿಕೆಯ ಆ್ಯಪ್‌ನಲ್ಲಿ ದೂರು ಕೊಟ್ಟೆ. 'ಸಮಸ್ಯೆ ಬಗೆಹರಿದಿದೆ' ಎಂದು ಉತ್ತರ ಬಂತು. ಜೊತೆಗೆ ಹೊಸ ಚಪ್ಪಡಿಯ ಫೋಟೊ, ಅದೂ ಯಾವುದೋ ಬೀದಿಯದು.

"ಚೆನ್ನಾಗಿದೆ ಕಣೇ. ಈ ಫೋಟೊ ಮೇಲೆ ಕಾಲಿಟ್ಟು ಆಚೆ ಹೋಗ್ಲಾ?" ಎಂದ ಅತ್ತೆ ಚಪ್ಪಲಿ ಮೆಟ್ಟಿ ಸೀದಾ ಮಾಜಿ ಮೆಂಬರ್ ಮನೆಗೆ ನಡೆದರು.

ಎಷ್ಟೋ ವರ್ಷಗಳ ಮೇಲೆ ಒಬ್ಬರು ಕೆಲಸ ಹೇಳಿಕೊಂಡು ಬಂದಿದ್ದರಲ್ಲ, ಮೆಂಬರ್ ಬಿಳಿ ಶರ್ಟು ತೊಟ್ಟೇ ಬಂದರು. ಚರಂಡಿಯ ಗುಂಡಿ ನೋಡಿ, ಗಂಟಲು ಸರಿಮಾಡಿಕೊಂಡು, ಎಂಜಿನಿಯರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದರು.

"ನಾನ್ರೀ, ಮೆಂಬರ್."

"ಯಾವ ಮೆಂಬರ್ ಸಾರ್? ಚುನಾವಣೆ ಆಗಿ ಎಷ್ಟೋ ವರ್ಷ ಆಯ್ತು, ಈಗ ಮೆಂಬರುಗಳೇ ಇಲ್ವಲ್ಲ!"

ಅವರ ಮುಖ ಸಪ್ಪಗಾಯಿತು. ನಗು ತಡೆಯಲು ನಾನು ಕೆಮ್ಮಬೇಕಾಯಿತು. ಅತ್ತೆ ನಗಲಿಲ್ಲ. "ಅವನ ಮಾತು ಬಿಡಿ ಮೆಂಬರ್ರೇ, ಚಪ್ಪಡಿ ಯಾವಾಗ ಬರುತ್ತೆ ಹೇಳಿ" ಎಂದರು. ಆ ಒಂದು 'ಮೆಂಬರ್ರೇ'ಗೆ ಅವರು ಮತ್ತೆ ನೆಟ್ಟಗೆ ನಿಂತರು.

ಮರುದಿನವೇ, ಅವರ ಮಗ ಕಟ್ಟಿಸುತ್ತಿದ್ದ ಪಿ.ಜಿ. ಕಟ್ಟಡದಿಂದ ಚಪ್ಪಡಿ ಬಂತು. ಅದರ ಹಿಂದೆಯೇ ಫ್ಲೆಕ್ಸೂ ಬಂತು. ಮಹಾನಗರವನ್ನು ಒಡೆದು ಈಗ ಚಿಕ್ಕ ಚಿಕ್ಕ ಪಾಲಿಕೆ ಮಾಡಿದ್ದಾರೆ, ಇಂದಲ್ಲ ನಾಳೆ ಚುನಾವಣೆ ಬರಬೇಕು. ಫ್ಲೆಕ್ಸಿನಲ್ಲಿ 'ಅಭಿವೃದ್ಧಿಯ ಹರಿಕಾರ' ಚಪ್ಪಡಿಗಿಂತ ಅಗಲವಾಗಿ ಕೈಮುಗಿದು ನಿಂತಿದ್ದರು. ಅದನ್ನು ಕಟ್ಟಿದ್ದು ನಮ್ಮ ಗೇಟಿಗೇ.

"ಅಮ್ಮಾ, ಈ ಸಲ ವೋಟು ನನಗೇ ಅಲ್ವಾ?" ಎಂದರು.

"ಮೊದ್ಲು ಇದನ್ನ ಬಿಚ್ಚಿ. ಗೇಟೇ ತೆಗೆಯೋಕಾಗ್ತಿಲ್ಲ, ವೋಟು ಹಾಕೋಕೆ ಕಾಂಪೌಂಡ್ ಹಾರಿ ಬರ್ಲಾ?"

ಮೆಂಬರ್ ಸ್ಟೂಲ್ ತರಿಸಿ, ತಾವೇ ಹತ್ತಿ, ಒಂದೊಂದೇ ಗಂಟು ಬಿಚ್ಚಿದರು. ಅತ್ತೆ ಸ್ಟೂಲ್ ಹಿಡಿದುಕೊಂಡಿದ್ದರು.