ಕೂಡಿಸಬಾರದ ಲೆಕ್ಕ

ನನ್ನ ಮಾತು ಮುಗಿಯುವ ಮೊದಲೇ ಮಗಳು ಮತ್ತೆ ಬಾಯಿ ಹಾಕಿದಳು. ಬುದ್ಧಿಮತ್ತೆ ಪರೀಕ್ಷೆಯ ಫಲಿತಾಂಶ ಕೇಳಲು ಸಿಂದಗಿಗೆ ಬಂದರೂ ಈ ಎಂಟು ವರ್ಷದವಳ ಕಾಟ ತಪ್ಪಲಿಲ್ಲ. ಬೋರ್ಡಿನ ಮೇಲಿನದನ್ನು ಬರೆದು ಮುಗಿಸುವುದಿಲ್ಲವೆಂದು ಶಾಲೆಯಲ್ಲಿ ಇವಳನ್ನು ದಡ್ಡರ ಬೆಂಚಿಗೆ ಕಳಿಸಿದ್ದರು. ಮನೆಯಲ್ಲಿ ನಾನು ಮೈಗಳ್ಳಿ ಎನ್ನುತ್ತಿದ್ದೆ.

ಪರೀಕ್ಷೆ ಮಾಡಿದ ಮೇಡಂ ಹೇಳಿದರು: "ಮಾತಿನಾಗ, ವಿಚಾರದಾಗ ನಿಮ್ಮ ಮಗಳು ಹನ್ನೆರಡು ವರ್ಷದವರ ಸಮ ಅದಾಳ್ರಿ. ನೋಡಿ ಬರಿಯೋ ವೇಗ ಮಾತ್ರ ಆರು ವರ್ಷದವರದು."

"ಎರಡೂ ಕೂಡಿಸಿ ಅರ್ಧ ಮಾಡಿದ್ರ ಒಂಬತ್ತಾತು. ಹಂಗಾರ ಚಿಂತಿ ಇಲ್ಲಲ್ರಿ?" ಎಂದೆ. ಹತ್ತನೇ ತರಗತಿಯ ಲೆಕ್ಕ ಕಡೆಗೂ ಉಪಯೋಗಕ್ಕೆ ಬಂತೆಂದು ಬೀಗಿದೆ.

"ಅವ್ವಾ, ಒಂದು ರೊಟ್ಟಿ ಕರಕಾಗಿ ಇನ್ನೊಂದು ಹಸಿ ಉಳದ್ರ, ಎರಡೂ ಚಲೋ ಬೆಂದಾವಂತ ಅಪ್ಪಗ ನೀಡ್ತಿಯೇನು?" ಎಂದಳು ಮಗಳು.

ಮೇಡಂ ಜೋರಾಗಿ ನಕ್ಕರು. "ನಾ ಹೇಳೋದನ್ನ ಅಕಿನ ಹೇಳಿದ್ಳು. ಕೂಡಸಬ್ಯಾಡ್ರಿ. ತಲಿ ಓಡಿದಂಗ ಕೈ ಓಡವಲ್ದು. ಬರಿಯಾಕ ಹೆಚ್ಚು ಟೈಮ್ ಕೊಡ್ರಿ, ಸಾಲ್ಯಾಗೂ ಹೇಳ್ರಿ."

ಊರಿಗೆ ಮರಳಲು ಇಂಡಿ ಬಸ್ಸು ಹತ್ತಿ ಕುಳಿತ ಮೇಲೆ ಮಗಳು ಕೇಳಿದಳು: "ಅವ್ವಾ, ದಿನಾ ಮೈಗಳ್ಳಿ ಅಂತ ಬೈತಿದ್ದಿಯಲ್ಲ, ಅದು ನನಗೋ, ನನ್ನ ಕೈಗೋ?"

ಈ ಸಲ ಮಾತ್ರ ನಡುವೆ ಬಾಯಿ ಹಾಕದೆ ನನ್ನ ಉತ್ತರಕ್ಕೆ ಕಾಯುತ್ತ ಕುಳಿತಳು.